ಕಂಪ್ಯೂಟರ್ ಕೋಣೆಯ ಪೌರನೀತಿ

ಹಳಿಯಾಳದ ನಮ್ಮ ಪ್ರೌಢಶಾಲೆಯ ಮುಖ್ಯೋಪಾಧ್ಯಾಯರು ನಿವೃತ್ತರಾದಾಗ ಅವರ ಜಾಗಕ್ಕೆ ಯಾರೂ ಬರಲಿಲ್ಲ. ಸೇವೆಯಲ್ಲಿ ಹಿರಿಯಳೆಂಬ ಒಂದೇ ಕಾರಣಕ್ಕೆ ಪ್ರಭಾರ ನನ್ನ ಹೆಗಲಿಗೆ ಬಿತ್ತು. ನಾನು ಸಮಾಜ ವಿಜ್ಞಾನ ಕಲಿಸುತ್ತಿದ್ದವಳು. ಹಕ್ಕು, ಕರ್ತವ್ಯ, ಪಂಚಾಯಿತಿಯ ರಚನೆ ಇವನ್ನೆಲ್ಲ ಬೋರ್ಡಿನ ಮುಂದೆ ಓಡಾಡುತ್ತ ಹೇಳುವುದು ನನಗೆ ಇಷ್ಟ. ಕುರ್ಚಿಯಲ್ಲಿ ಕೂತು ಸಹಿ ಮಾಡುವುದು ಇಷ್ಟವಿರಲಿಲ್ಲ. ಹೊಸ ಕೋಣೆಗೆ ಹೋದ ಮೇಲೂ ಗಳಿಗೆಗೊಮ್ಮೆ ಎದ್ದು ವರಾಂಡದಲ್ಲಿ ಒಂದು ಸುತ್ತು ಹಾಕಿ ಬರುತ್ತಿದ್ದೆ. ಸಂಜೆ ಬಸ್ಸಿನಲ್ಲಿ ದಾಂಡೇಲಿಗೆ ಮರಳುವಾಗಲೂ ಸೀಟಿನ ತುದಿಯಲ್ಲೇ ಕೂತಿರುತ್ತಿದ್ದೆ. ಕಾಗದದ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ ನನ್ನ ಗಂಡ ನಗುತ್ತಿದ್ದರು: "ನಿನಗ ಕೂಡೂ ನೌಕರಿ ಕೊಟ್ಟವ್ರು ಯಾರ ಮಾರಾಯ್ತಿ? ನೀ ಕಂಡಕ್ಟರ್ ಆಗಬೇಕಿತ್ತು."

ಅದು ಶಾಲೆಗಳಿಗೆ ಕಂಪ್ಯೂಟರ್ ಬಂದ ಕಾಲ. ನಮ್ಮ ಶಾಲೆಯ ಒಂದು ಕೋಣೆಗೆ ಕಬ್ಬಿಣದ ಬಾಗಿಲು ಹಾಕಿಸಿ, ಕಿಟಕಿಗೆ ಪರದೆ ಕಟ್ಟಿ, ಒಳಗೆ ಯಂತ್ರಗಳನ್ನಿಟ್ಟಿದ್ದರು. ಮಕ್ಕಳು ಚಪ್ಪಲಿ ಬಿಟ್ಟು ಒಳಗೆ ಹೋಗಬೇಕು. ಕಲಿಸಲು ಗುತ್ತಿಗೆಯ ಮೇಲೆ ಬಂದಿದ್ದ ಮೇಷ್ಟರು ಮೌಸ್ ಹಿಡಿಯುವುದನ್ನೂ ಚಿತ್ರ ಬಿಡಿಸುವುದನ್ನೂ ಕಲಿಸಿದರು, ಆಮೇಲೆ ಬೇರೆ ಕೆಲಸ ಸಿಕ್ಕಿ ಹೊರಟುಹೋದರು. ಅಷ್ಟರಲ್ಲಿ ಊರಿನ ಬಸ್ ನಿಲ್ದಾಣದ ಹಿಂದೆ ಒಂದು ಸೈಬರ್ ಕೆಫೆ ಶುರುವಾಗಿತ್ತು. ಶಾಲೆಯಲ್ಲಿ ಅರ್ಧ ಕಲಿತದ್ದನ್ನು ಮಕ್ಕಳು ಅಲ್ಲಿ ಮುಗಿಸಿಕೊಳ್ಳುತ್ತಿದ್ದರು. ಅಲ್ಲಿ ಏನು ಕಲಿಯುತ್ತಾರೆಂದು ನಮ್ಮಲ್ಲಿ ಯಾರೂ ಕೇಳಿರಲಿಲ್ಲ.

ಹತ್ತನೆಯ ತರಗತಿಯಲ್ಲಿ ಒಬ್ಬ ಮೆಕ್ಯಾನಿಕ್‌ನ ಮಗಳಿದ್ದಳು. ತಂದೆಯ ಗ್ಯಾರೇಜ್ ಹಳಿಯಾಳದಿಂದ ದಾಂಡೇಲಿಗೆ ಹೋಗುವ ರಸ್ತೆಯಲ್ಲಿತ್ತು. ಮನೆಯಲ್ಲಿ ಉರ್ದು, ಶಾಲೆಯಲ್ಲಿ ಕನ್ನಡ, ಕಂಪ್ಯೂಟರ್ ಕೋಣೆಯಲ್ಲಿ ತನ್ನದೇ ಒಂದು ಇಂಗ್ಲಿಷ್. ಮೇಷ್ಟರು ಹೋದ ಮೇಲೆ ಉಳಿದ ಮಕ್ಕಳಿಗೆ ಯಂತ್ರ ಶುರುಮಾಡಿ ಕೊಡುವುದು, ಸಿಕ್ಕಿಕೊಂಡದ್ದನ್ನು ಬಿಡಿಸುವುದು ಎಲ್ಲ ಅವಳದೇ. ಜೋರು ಮಾತಿನ ಹುಡುಗಿ. ನನ್ನ ಪಾಠದಲ್ಲೂ ಸುಮ್ಮನೆ ಕೂರುತ್ತಿರಲಿಲ್ಲ. "ಟೀಚರ್, ಹಕ್ಕು ಐತಿ ಅಂತೀರಿ, ಯಾರಿಗೆ ಹೋಗಿ ಕೇಳಬೇಕು ಅದನ್ನೂ ಹೇಳ್ರಿ" ಎನ್ನುವಳು. ಅವಳ ಪಕ್ಕದಲ್ಲಿ ಯಾವಾಗಲೂ ಒಬ್ಬ ಗೆಳತಿ. ಆ ಹುಡುಗಿ ಮುಂಡಗೋಡ ತಾಲೂಕಿನ ಪಾಳಾದವಳು, ಹೊಲದಲ್ಲಿ ದುಡಿಯುವವರ ಮನೆಯ ಮಗು, ಹಳಿಯಾಳದ ಹಾಸ್ಟೆಲಿನಲ್ಲಿದ್ದು ಓದುತ್ತಿದ್ದಳು. ಹಾಜರಿ ಕೂಗಿದಾಗ ಬಿಟ್ಟರೆ ಅವಳ ದನಿಯೇ ಕೇಳುತ್ತಿರಲಿಲ್ಲ.

ಒಂದು ಬೆಳಿಗ್ಗೆ ಪ್ರಾರ್ಥನೆ ಮುಗಿಯುವ ಮೊದಲೇ ಮೆಕ್ಯಾನಿಕ್ ಬಂದು ನನ್ನ ಕೋಣೆಯ ಬಾಗಿಲಲ್ಲಿ ನಿಂತರು. ಕೈಯಲ್ಲಿ ಇನ್ನೂ ಗ್ರೀಸ್ ಇತ್ತು. ಕೂರಿ ಎಂದರೂ ಕೂರಲಿಲ್ಲ.

"ಬಾಯಾರ, ಮಗಳನ್ನ ಬಿಡಿಸಾಕತ್ತೇನಿ. ಟೀಸಿ ಕೊಟ್ಟುಬಿಡ್ರಿ."

"ಯಾಕ್ರಿ? ಪರೀಕ್ಷಾ ಹತ್ರ ಬಂದಾವು."

"ಯಾಕಂತ ನನ್ನ ಬಾಯಿಂದ ಹೇಳಾಕ ಆಗೂದಿಲ್ರಿ. ಕೆಫೆಗೆ ಹೋಗಿ ನೋಡ್ರಿ. ಇಡೀ ಪ್ಯಾಟಿ ನೋಡೇತಿ, ನೀವು ಒಬ್ರ ನೋಡಿಲ್ಲ."

ನಾನು ಹೋದೆ. ಆ ಕೆಫೆಯೊಳಗೆ ಕಾಲಿಟ್ಟದ್ದು ಅದೇ ಮೊದಲು. ಇಂಟರ್ನೆಟ್ಟಿನಲ್ಲಿ ಹುಡುಗರೆಲ್ಲ ಸೇರುತ್ತಿದ್ದ ಒಂದು ಸ್ನೇಹದ ತಾಣದಲ್ಲಿ ಈ ಹುಡುಗಿಯ ಹೆಸರಿನಲ್ಲಿ ಒಂದು ಪುಟ ತೆರೆದಿತ್ತು. ಅದರ ಮೇಲೆ ಅವಳ ಮುಖ. ಕೆಳಗೆ ಗುರುತು ಪರಿಚಯವಿಲ್ಲದ ಗಂಡಸರ ಮಾತು, ಅದಕ್ಕೆ ಈ ಪುಟದಿಂದ ನಗುನಗುತ್ತ ಕೊಟ್ಟ ಉತ್ತರ. ಹೊಲಸು ಮಾತೇನೂ ಇರಲಿಲ್ಲ. ನನಗೆ ಈ ಹಾಡು ಇಷ್ಟ, ಈ ಬಣ್ಣ ಇಷ್ಟ, ನಿಮ್ಮ ಊರು ಯಾವುದು ಎಂಬಂಥವು. ಆದರೆ ನಮ್ಮ ಊರಿಗೆ ಅಷ್ಟೇ ಸಾಕಾಗಿತ್ತು.

ನಾನು ಬಗ್ಗಿ ಆ ಮುಖವನ್ನು ಮತ್ತೊಮ್ಮೆ ನೋಡಿದೆ. ಅದು ನಮ್ಮ ಶಾಲೆಯ ವಾರ್ಷಿಕೋತ್ಸವದ ಗುಂಪು ಫೋಟೋದಿಂದ ಕತ್ತರಿಸಿ ತೆಗೆದದ್ದು. ಫೋಟೋಗಳನ್ನೆಲ್ಲ ನಾವೇ ಶಾಲೆಯ ಕಂಪ್ಯೂಟರಿನಲ್ಲಿ ತುಂಬಿಸಿ, ಎಲ್ಲರೂ ನೋಡಲಿ ಎಂದು ಎದುರಿಗೇ ಇಟ್ಟಿದ್ದೆವು. ಯಾರು ಬೇಕಾದರೂ ನಕಲು ಮಾಡಿಕೊಂಡು ಹೋಗಬಹುದಿತ್ತು.

ಪುಟವನ್ನು ಅಳಿಸುವುದು ಹೇಗೆಂದು ಕೆಫೆಯವರನ್ನು ಕೇಳಿದೆ. "ಪಾಸ್‌ವರ್ಡ್ ಬೇಕ್ರಿ ಮೇಡಂ. ಇಲ್ಲಾಂದ್ರ ಕಂಪನಿಗೆ ದೂರು ಕೊಡಬೇಕು, ಅವ್ರು ನೋಡಿ ತಗೀತಾರ" ಎಂದರು. ದೂರು ಕೊಡಲು ಒತ್ತಬೇಕಾದ ಗುಂಡಿ ಪುಟದ ಮೂಲೆಯಲ್ಲಿ, ಸಣ್ಣ ಇಂಗ್ಲಿಷಿನಲ್ಲಿತ್ತು. ಒತ್ತಿದೆ. ನಿಮ್ಮ ದೂರು ತಲುಪಿದೆ ಎಂಬ ಉತ್ತರ ಬಂತು. ಆಮೇಲೆ ಏನೂ ಬರಲಿಲ್ಲ. ಶಾಲೆ ಬಿಟ್ಟ ಮೇಲೆ ದಿನಾ ಕೆಫೆಗೆ ಹೋಗಿ ನೋಡುತ್ತಿದ್ದೆ. ಪುಟ ಇದ್ದಲ್ಲೇ ಇತ್ತು.

ಹುಡುಗಿ ಶಾಲೆಗೆ ಬರುವುದು ನಿಂತಿತು. ಟೀಸಿಯನ್ನು ನಾನು ಕೊಡಲಿಲ್ಲ. ಮೇಲಿನವರನ್ನು ಕೇಳಬೇಕು ಎಂದು ದಿನ ತಳ್ಳುತ್ತಾ ಹೋದೆ. ಪಾಲಕರ ಸಭೆಯಲ್ಲಿ ಹೆಣ್ಣುಮಕ್ಕಳಿಗೆ ಕಂಪ್ಯೂಟರ್ ಕೋಣೆಯೇ ಬೇಡ ಎಂಬ ಮಾತು ಎದ್ದಿತು. "ಕಲಸೂದಾದ್ರ ಛಲೋ ಕಲಸ್ರಿ, ಇಲ್ಲಾ ಕೀಲಿ ಹಾಕ್ರಿ" ಎಂದರು ಒಬ್ಬ ತಾಯಿ. ಅವರ ಮಾತೇ ನನ್ನನ್ನು ಹೆಚ್ಚು ಚುಚ್ಚಿದ್ದು. ಛಲೋ ಕಲಿಸುವುದು ಎಂದರೆ ಏನು? ಯಾವ ಪುಸ್ತಕದಿಂದ?

ಆ ಪ್ರಶ್ನೆ ಬೆನ್ನು ಬಿದ್ದ ಮೇಲೆ ನನ್ನ ಕಾಲು ಒಂದೆಡೆ ನಿಲ್ಲಲಿಲ್ಲ. ಸಿಕ್ಕ ರಜೆಯಲ್ಲೆಲ್ಲ ತಿರುಗಿದೆ. ಇಲಾಖೆಯ ಸಂಪನ್ಮೂಲ ಕೇಂದ್ರದಲ್ಲಿ ಕೇಳಿದೆ. ಕಂಪ್ಯೂಟರಿನ ಭಾಗಗಳ ಚಾರ್ಟು ತೆಗೆದುಕೊಟ್ಟರು. ಧಾರವಾಡದ ಪುಸ್ತಕದ ಅಂಗಡಿಗಳಲ್ಲಿ ಕಪಾಟುಗಳನ್ನು ಜಾಲಾಡಿದೆ. ಬೇಗ ಟೈಪು ಕಲಿಯುವುದು ಹೇಗೆ, ಲೆಕ್ಕಪತ್ರ ಇಡುವುದು ಹೇಗೆ, ಯಂತ್ರ ಕೆಟ್ಟರೆ ರಿಪೇರಿ ಹೇಗೆ ಎಂಬ ಪುಸ್ತಕಗಳಿದ್ದವು. ಇನ್ನೊಬ್ಬರ ಮುಖವನ್ನು ಏನು ಮಾಡಬಾರದು ಎಂದು ಹೇಳುವ ಪುಸ್ತಕ ಇರಲಿಲ್ಲ. ಒಂದು ತರಬೇತಿಯಲ್ಲಿ ಅಧಿಕಾರಿಯೊಬ್ಬರನ್ನು ಕೇಳಿಯೇಬಿಟ್ಟೆ. "ಸಿಲೆಬಸ್ಸಿನಾಗ ಇಲ್ಲದ್ದನ್ನ ಯಾಕ ಮೈಮ್ಯಾಲ ಎಳಕೊಳ್ತೀರಿ? ಪ್ರಭಾರ ಇದ್ದೀರಿ, ಪ್ರಭಾರ ಇದ್ದಂಗ ಇರ್ರಿ" ಎಂದರು. ಬೈಗುಳವೇನಲ್ಲ, ನನ್ನ ಒಳ್ಳೆಯದಕ್ಕೇ ಹೇಳಿದಂತಿತ್ತು. ಬಸ್ಸಿನಲ್ಲಿ ಬರುವಾಗ ಆ ಮಾತಿಗೆ ತಕ್ಕ ಉತ್ತರಗಳೆಲ್ಲ ಒಂದೊಂದಾಗಿ ಹೊಳೆದವು, ಆದರೆ ಕೇಳಬೇಕಾದವರು ಅಲ್ಲಿರಲಿಲ್ಲ.

ಪರೀಕ್ಷಾ ಕೇಂದ್ರಗಳ ಒಂದು ಸಭೆಗೆಂದು ಮುಂಡಗೋಡಿಗೆ ಹೋಗಬೇಕಾಯಿತು. ಸಂತೆಯ ದಿನ. ಸಭೆ ಮುಗಿಸಿ ಹೊರಗೆ ಬಂದರೆ ಬಸ್ಸುಗಳೆಲ್ಲ ತುಂಬಿ ಹೋಗುತ್ತಿದ್ದವು. ಚಹಾದಂಗಡಿಯ ಬೆಂಚಿನಲ್ಲಿ ನನ್ನ ಪಕ್ಕ ಕೂತವರು ಅಲ್ಲಿಯ ಟಿಬೆಟನ್ ವಸಾಹತಿನ ಶಾಲೆಯ ಶಿಕ್ಷಕರು, ನನ್ನ ಹಾಗೇ ಸಮಾಜ ವಿಜ್ಞಾನದವರು. ಹುಟ್ಟಿದ್ದೇ ಮುಂಡಗೋಡಿನಲ್ಲಿ. ಸಂತೆಯಲ್ಲಿ ಕಲಿತ ಅವರ ಕನ್ನಡ ಸ್ಪಷ್ಟವಾಗಿತ್ತು. ನನಗೆ ಆಗ ಯಾರು ಸಿಕ್ಕರೂ ಅದೇ ಮಾತು. ಅವರಿಗೂ ಹೇಳಿದೆ, ಯಾರ ಹೆಸರನ್ನೂ ಹೇಳದೆ.

ಅವರು ಲೋಟವನ್ನು ಕೆಳಗಿಟ್ಟರು. "ನಮ್ ಶಾಲೇಲಿ ಇದೇ ಮೊದಲ್ನೇ ಪಾಠ ಮೇಡಂ. ಟೈಪಿಂಗ್ ಆಮೇಲೆ."

"ಯಾಕ್ರಿ ಹಂಗ?"

"ನಮ್ ಹುಡುಗರಿಗೆ ಅಲ್ಲಿ ಟಿಬೆಟಲ್ಲಿ ಅಜ್ಜಿ ಇದಾಳೆ, ಮಾಮಾ ಇದಾನೆ. ಇವರು ನೋಡೇ ಇಲ್ಲ. ಈಮೇಲ್ ಬಂತು ಅಂದ್ರೆ ಖುಷಿ ಆಗಿ ಬರೀತಾರೆ, ಎಲ್ಲಾರ ಹೆಸರು, ಎಲ್ಲಾ ಸುದ್ದಿ. ಇಲ್ಲಿ ಬರೆದವನಿಗೆ ಏನೂ ಆಗಲ್ಲ. ಅಲ್ಲಿ ಸರ್ಕಾರದವರು ಓದಿದ್ರೆ ಹೆಸರು ಇದ್ದವರಿಗೆ ತೊಂದ್ರೆ ಆಗಬಹುದು. ಅದಕ್ಕೇ ಕೇಳ್ತೀವಿ, ಗುಂಡಿ ಒತ್ತೋ ಮೊದಲು ಆ ಕಡೆ ಯಾರಿದಾರೆ ಯೋಚನೆ ಮಾಡು."

ನಾನು ಎದ್ದುಬಿಟ್ಟೆ. "ನಿಮ್ಮ ಶಾಲಿಗೆ ಹೋಗೂಣು ನಡ್ರಿ" ಎಂದೆ. ಬಸ್ಸು ತಪ್ಪುತ್ತದೆ ಎಂದರು ಅವರು. ತಪ್ಪಲಿ ಎಂದೆ.

ಅವರ ಕಪಾಟಿನಲ್ಲಿ ಕೆಲವು ಝೆರಾಕ್ಸ್ ಹಾಳೆಗಳಿದ್ದವು. ಹಿಂದೊಮ್ಮೆ ಹೊರದೇಶದಿಂದ ಕಲಿಸಲು ಬಂದವರು ಬಿಟ್ಟುಹೋಗಿದ್ದಂತೆ. ಮೇಲೆ 'ಡಿಜಿಟಲ್ ಸಿಟಿಜನ್‌ಶಿಪ್' ಎಂದಿತ್ತು. ಆ ಎರಡು ಶಬ್ದಗಳನ್ನು ಜೋಡಿಯಾಗಿ ನೋಡಿದ್ದು ಅಂದೇ. ಸಿಟಿಜನ್‌ಶಿಪ್ ಎಂದರೆ ಪೌರತ್ವ, ನಾನು ವರ್ಷಗಟ್ಟಲೆ ಕಲಿಸಿದ ವಿಷಯ. ನನ್ನ ತರಗತಿಯಲ್ಲಿ ಅದು ಗ್ರಾಮ, ತಾಲೂಕು, ಜಿಲ್ಲೆ, ರಾಜ್ಯ, ದೇಶ ಎಂದು ಹತ್ತಿ ಅಲ್ಲಿಗೇ ನಿಲ್ಲುತ್ತಿತ್ತು. ಬಸ್ ನಿಲ್ದಾಣದ ಹಿಂದಿನ ಕೆಫೆಗೆ ಅದು ಬಂದೇ ಇರಲಿಲ್ಲ.

ಆದರೆ ಹಾಳೆಗಳನ್ನು ತಿರುವುತ್ತ ಹೋದಂತೆ ಉತ್ಸಾಹ ಇಳಿಯಿತು. ಅಲ್ಲಿನ ಉದಾಹರಣೆಗಳೆಲ್ಲ ಬೇರೆಯೇ ಲೋಕದವು. ಕೂತಲ್ಲೇ ಸಾಮಾನು ತರಿಸುವ ಮಕ್ಕಳು, ತಮ್ಮದೇ ಕೋಣೆಯಲ್ಲಿ ತಮ್ಮದೇ ಕಂಪ್ಯೂಟರ್ ಇರುವ ಮಕ್ಕಳು. "ಇದರಲ್ಲಿ ನಮಗೆ ಬರೋದು ಕಡಿಮೆ. ನಾವು ಪರದೆ ಆಟ ಮಾಡ್ತೀವಿ" ಎಂದರು ಆ ಶಿಕ್ಷಕರು. ಪರದೆಯ ಹಿಂದೆ ಒಬ್ಬರು ಕೂತು ತರಗತಿಯ ಇನ್ನೊಬ್ಬರಂತೆ ಮಾತಾಡಬೇಕು, ಉಳಿದವರು ಪ್ರಶ್ನೆ ಕೇಳಬೇಕು. ಕೊನೆಗೆ ಯಾರ ಹೆಸರಿನಲ್ಲಿ ಮಾತಾಡಿದರೋ ಅವರು ಎದ್ದು ತಮಗೆ ಹೇಗಾಯಿತು ಎಂದು ಹೇಳಬೇಕು. ಅಷ್ಟೇ. ಅದಕ್ಕೆ ಕಂಪ್ಯೂಟರೂ ಬೇಡ, ಕರೆಂಟೂ ಬೇಡ.

ಮರುದಿನವೇ ಹಳಿಯಾಳದ ಕಂಪ್ಯೂಟರ್ ಕೋಣೆಯಲ್ಲಿ ಮನೆಯಿಂದ ತಂದ ಬೆಡ್‌ಶೀಟ್ ಕಟ್ಟಿದೆ. ತಯಾರಿಯೇನೂ ಇರಲಿಲ್ಲ, ತಡೆದುಕೊಳ್ಳಲು ಆಗಲಿಲ್ಲ, ಅಷ್ಟೇ. ಮೊದಮೊದಲು ತರಗತಿ ನಗೆಯಲ್ಲಿ ಬಿದ್ದು ಹೊರಳಿತು. ಒಬ್ಬ ಹುಡುಗ ಇನ್ನೊಬ್ಬನಾಗಿ ತನಗೆ ಗಣಿತವೆಂದರೆ ಪ್ರಾಣ ಎಂದ. ಆಮೇಲೆ ಹಾಜರಿಯ ಕ್ರಮದಲ್ಲಿ ಪಾಳಾದ ಹುಡುಗಿಯ ಸರದಿ ಬಂತು. ಪರದೆಯ ಹಿಂದೆ ಹೋಗಿ ಕೂತಳು. ಯಾರಾಗುತ್ತೀ ಎಂದು ಹುಡುಗಿಯರು ಕೂಗಿದರು. ಉತ್ತರವಿಲ್ಲ. ಮತ್ತೆ ಕೂಗಿದರು. ಬೆಡ್‌ಶೀಟ್ ಅಲುಗಾಡತೊಡಗಿತು. ನಗುತ್ತಿದ್ದಾಳೆ ಎಂದುಕೊಂಡು ನಾನು ಸರಿಸಿ ನೋಡಿದೆ. ಅವಳು ಬಾಯಿಗೆ ದುಪಟ್ಟಾ ತುರುಕಿಕೊಂಡು ಅಳುತ್ತಿದ್ದಳು.

ತರಗತಿಯನ್ನು ಆಟಕ್ಕೆ ಬಿಟ್ಟೆ. ಅವಳು ಎದ್ದು ಹೋಗಲಿಲ್ಲ. ನಾನೂ ನೆಲದ ಮೇಲೆ ಕೂತೆ.

"ನಾನ ಟೀಚರ್."

"ಏನು ನೀನ?"

"ಆ ಪುಟಾ ಮಾಡಿದಾಕಿ ನಾನ ರಿ."

ಜಗಳವಾಗಿತ್ತೇ ಎಂದು ಕೇಳಿದೆ. ಇಲ್ಲ. ಯಾರಾದರೂ ಹೇಳಿ ಮಾಡಿಸಿದರೇ? ಇಲ್ಲ. ಕೊನೆಗೆ ಅವಳೇ ಬಿಡಿಸಿ ಹೇಳಿದಳು. ಮೊದಲು ತನ್ನ ಹೆಸರಿನಲ್ಲೇ ಪುಟ ತೆರೆದಿದ್ದಳಂತೆ. "ಯಾರೂ ಮಾತಾಡಲಿಲ್ರಿ. ಆಕಿ ಹೆಸರಾಗ ಮಾಡಿದೆ, ಆಕಿ ಫೋಟೋ ಹಾಕಿದೆ. ಎಲ್ಲಾರೂ ಮಾತಾಡಿದ್ರು. ಆಕಿ ಹೆಂಗ ಮಾತಾಡ್ತಾಳ ನಂಗ ಗೊತ್ತೈತಲ್ರಿ, ಹಂಗ ಬರದೆ. ಆಕಿಗೆ ಕೆಟ್ಟದಾಗಲಿ ಅಂತ ಅಲ್ರಿ ಟೀಚರ್. ಆಕಿ ಆಗಬೇಕು ಅನಸ್ತು."

ಅಷ್ಟು ದಿನ ನಾನು ಹುಡುಕುತ್ತಿದ್ದುದು ಒಬ್ಬ ಪುಂಡ ಹುಡುಗನನ್ನು. ಅವನಿಗೆ ಏನು ಶಿಕ್ಷೆ ಎಂಬುದೂ ಮನಸ್ಸಿನಲ್ಲಿ ಸಿದ್ಧವಾಗಿತ್ತು. ಈ ಮಗುವಿಗೆ ಏನು ಮಾಡಲಿ? ಸುದ್ದಿ ಹಾಸ್ಟೆಲಿಗೆ ಮುಟ್ಟಿದರೆ ಗಂಟು ಕಟ್ಟಿಸಿ ಊರಿಗೆ ಕಳಿಸುತ್ತಾರೆ, ಓದು ಅಲ್ಲಿಗೆ ಮುಗಿಯುತ್ತದೆ. ಮುಚ್ಚಿಟ್ಟರೆ ಮನೆಯೊಳಗೆ ಕೂತ ಹುಡುಗಿಯ ಮೇಲಿನ ಮಾತು ಹಾಗೇ ಉಳಿಯುತ್ತದೆ. ಸಹೋದ್ಯೋಗಿಗಳನ್ನು ಕರೆದು ಕೇಳಿದರೆ ಸಂಜೆಯೊಳಗೆ ಪೇಟೆಗೆ ಗೊತ್ತಾಗುತ್ತದೆ. ಆ ದಿನ ವರಾಂಡದಲ್ಲಿ ಎಷ್ಟು ಓಡಾಡಿದೆನೋ. ಬೇರೆ ಯಾರೂ ಇದನ್ನು ನಿರ್ಧರಿಸಿ ಕೊಡುವುದಿಲ್ಲ, ಪ್ರಭಾರ ಎಂದರೆ ಇದೇ ಎಂದು ಆಗ ತಿಳಿಯಿತು.

ಕಡೆಗೆ ಒಂದು ಹೊಳೆಯಿತು. ಯಾರ ಹೆಸರನ್ನು ಬಳಸಿದ್ದಾರೋ, ಮೊದಲ ಮಾತು ಅವಳದ್ದು. ಮೆಕ್ಯಾನಿಕ್‌ನ ಮನೆಗೆ ಹೋಗಿ, ತಾಯಿಯ ಅನುಮತಿ ಪಡೆದು, ಹುಡುಗಿಯನ್ನು ಹಿತ್ತಲಿಗೆ ಕರೆದು ಹೇಳಿದೆ.

ಅವಳು ಅಳುತ್ತಾಳೆ ಎಂದುಕೊಂಡಿದ್ದೆ. ಅಳಲಿಲ್ಲ. ಒಗೆಯುವ ಕಲ್ಲಿನ ಮೇಲಿದ್ದ ಬಕೆಟ್ಟನ್ನು ಒದ್ದಳು. ನೀರೆಲ್ಲ ನನ್ನ ಸೀರೆಯ ಮೇಲೆ ಬಂತು.

"ಆಕಿನ ಬರಬೇಕು. ಅಮ್ಮೀ ಅಬ್ಬಾ ಮುಂದ ಹೇಳಬೇಕು. ನೀವು ಹೇಳೂದು ಬ್ಯಾಡ."

"ಹಾಸ್ಟೆಲಿಗೆ?"

ಅವಳು ಉರುಳಿದ ಬಕೆಟ್ಟನ್ನು ಎತ್ತಿ ಕಲ್ಲಿನ ಮೇಲೆ ಕುಕ್ಕಿದಳು. "ಅಲ್ಲಿಗೆ ಬ್ಯಾಡ" ಎಂದಳು, ಸಿಟ್ಟಿನಲ್ಲೇ.

ಮರುದಿನ ಪಾಳಾದ ಹುಡುಗಿಯನ್ನು ಕರೆದುಕೊಂಡು ಮೊದಲು ಕೆಫೆಗೆ ಹೋದೆ. ಅಲ್ಲಿ ಮೆಕ್ಯಾನಿಕ್‌ನ ಮಗಳೂ ಅವಳ ತಾಯಿಯೂ ನಾನು ಹೇಳಿದ್ದಂತೆ ಬಂದು ನಿಂತಿದ್ದರು. ಪುಟ ಅಳಿಸಲು ಪಾಸ್‌ವರ್ಡ್ ಹಾಕಬೇಕಿತ್ತು. ಪಾಳಾದ ಹುಡುಗಿ ಒಂದೊಂದೇ ಅಕ್ಷರ ಒತ್ತಿದಳು. ಅದು ಇಬ್ಬರ ಹೆಸರನ್ನೂ ಕೂಡಿಸಿ ಮಾಡಿದ ಪದ. ಪಕ್ಕದಲ್ಲಿ ನಿಂತು ಕೀಲಿಗಳನ್ನೇ ನೋಡುತ್ತಿದ್ದ ಗೆಳತಿ ಮುಖ ಆಚೆ ತಿರುಗಿಸಿದಳು. ಪುಟ ಹೋಯಿತು.

ಅಲ್ಲಿಂದ ಅವರ ಮನೆಗೆ ಹೋದೆವು. ಪಾಳಾದ ಹುಡುಗಿ ಹೇಳಿದ್ದನ್ನು ಮೆಕ್ಯಾನಿಕ್ ನಿಂತೇ ಕೇಳಿದರು. ತಾಯಿ ಆ ಹುಡುಗಿಯ ಗಲ್ಲಕ್ಕೆ ಒಂದು ಏಟು ಕೊಟ್ಟರು, ಮರುಕ್ಷಣ ತಾವೇ ತಲೆಯ ಮೇಲೆ ಕೈಯಿಟ್ಟುಕೊಂಡು ಕುಸಿದು ಕೂತರು. ತಂದೆ ನನ್ನ ಕಡೆ ತಿರುಗಿ ಹೇಳಿದ್ದು ಇಷ್ಟು:

"ಗಂಡ ಹುಡುಗೂರು ಮಾಡ್ಯಾರ ಅಂತ ಪ್ಯಾಟ್ಯಾಗ ಎಷ್ಟ ಮಂದಿ ಕೂಡ ಜಗಳಾ ಮಾಡೇನಿ ಬಾಯಾರ. ಈಗ ಅವ್ರ ಮುಂದ ಹೆಂಗ ಹೋಗಲಿ?" ಆಮೇಲೆ ಅಂದರು, "ಪರೀಕ್ಷಾಕ್ಕ ಕಳಸ್ತೇನಿ. ಕ್ಲಾಸಿಗೆ ಇಲ್ಲ. ಅದರಾಗ ನೀವು ಏನೂ ಹೇಳಬ್ಯಾಡ್ರಿ."

ನಾನು ಬೇಕಾದಷ್ಟು ಹೇಳಿದೆ. ಅವರು ಒಪ್ಪಲಿಲ್ಲ. ಪರೀಕ್ಷೆ ಬರುವವರೆಗೆ ನಾನೇ ಶಾಲೆ ಬಿಟ್ಟ ಮೇಲೆ ಅವರ ಮನೆಗೆ ಹೋಗಿ ಪಾಠ ಹೇಳಿದೆ. ಅವಳು ಬರೆದಳು, ಪಾಸಾದಳು. ಪಾಳಾದ ಹುಡುಗಿಯೂ ಪಾಸಾದಳು. ಪರೀಕ್ಷೆಯ ಕೋಣೆಯಲ್ಲಿ ಒಬ್ಬಳು ಒಳಬಂದರೆ ಇನ್ನೊಬ್ಬಳು ತಲೆ ತಗ್ಗಿಸುತ್ತಿದ್ದಳು.

ಆ ಸಂಜೆಯ ಪಾಠಗಳ ನಡುವೆ ಒಂದು ದಿನ, ಶಾಲೆಗಾಗಿ ಕನ್ನಡದಲ್ಲಿ ಕೆಲವು ಪಾಠ ಬರೆಯುತ್ತಿದ್ದೇನೆ, ನಡೆದದ್ದನ್ನು ಹೆಸರಿಲ್ಲದೆ ಅದರಲ್ಲಿ ಸೇರಿಸಲೇ ಎಂದು ಅವಳನ್ನು ಕೇಳಿದ್ದೆ.

"ಬ್ಯಾಡ್ರಿ. ಒಮ್ಮೆ ಒಬ್ಬಾಕಿ ನನ್ನ ಹೆಸರ ತಗೊಂಡ್ಲು. ಈಗ ನೀವು ನನ್ನ ಕಥಿ ತಗೊಳ್ತೀರೇನು?"

ಅವಳ ಆ ನಿರಾಕರಣೆಯೇ ನನ್ನ ಪಾಠಗಳಿಗೆ ಆಕಾರ ಕೊಟ್ಟಿತು. ನಮ್ಮೂರಿನಲ್ಲಿ ನಡೆದ ಯಾವ ಮಗುವಿನ ನೋವನ್ನೂ ಉದಾಹರಣೆ ಮಾಡುವಂತಿಲ್ಲ ಎಂದು ನನಗೆ ನಾನೇ ಗೆರೆ ಎಳೆದುಕೊಂಡೆ. ಪರದೆಯ ಆಟವನ್ನೂ ಬಿಟ್ಟೆ. ಮುಂಡಗೋಡಿನ ಶಿಕ್ಷಕರ ಕೈಯಲ್ಲಿ ಅದು ಒಳ್ಳೆಯ ಪಾಠವಾಗಿತ್ತು. ನನ್ನ ಕೈಯಲ್ಲಿ ಅದು ಕಳ್ಳರನ್ನು ಹಿಡಿಯುವ ಬಲೆಯಾಯಿತು, ನಾನು ಬಯಸದಿದ್ದರೂ. ಅದರ ಬದಲು ಪೌರನೀತಿಯ ಅಧ್ಯಾಯವನ್ನೇ ತೆಗೆದುಕೊಂಡು ಹಕ್ಕು ಎಂದಿದ್ದಲ್ಲಿ ನನ್ನ ಮುಖ, ನನ್ನ ಹೆಸರು, ನನ್ನ ಮಾತು ಎಂದು ಬಿಡಿಸಿದೆ. ಕರ್ತವ್ಯ ಎಂದಿದ್ದಲ್ಲಿ ಇನ್ನೊಬ್ಬರ ಮುಖ, ಹೆಸರು, ಮಾತು. ದೂರು ಕೊಡುವ ಗುಂಡಿ ಎಲ್ಲಿರುತ್ತದೆ, ಅಲ್ಲಿನ ಇಂಗ್ಲಿಷ್ ಏನು ಹೇಳುತ್ತದೆ ಎಂಬುದನ್ನು ಚಿತ್ರ ಬರೆದು ತೋರಿಸಿದೆ. ಶಾಲೆಯ ಕಂಪ್ಯೂಟರಿನಲ್ಲಿದ್ದ ಫೋಟೋಗಳನ್ನು ಬೇರೆಡೆ ತೆಗೆದಿಡಿಸಿದೆ. "ಫೋಟೋ ಇಲ್ಲಾಂದ್ರ ಶಾಲಿ ಕಳಾನ ಹೋತು" ಎಂದು ಚಿತ್ರಕಲೆಯ ಮೇಷ್ಟರು ಬಹಳ ದಿನ ಮುನಿಸಿಕೊಂಡಿದ್ದರು.

ಪಾಠಗಳ ಸುದ್ದಿ ಹೇಗೋ ಹರಡಿತು. ಸಿಲೆಬಸ್ಸಿನ ಮಾತಾಡಿದ ಅಧಿಕಾರಿಯೇ ಕರೆದು, ಜೋಯಿಡಾ ತಾಲೂಕಿನ ಶಿಕ್ಷಕರಿಗೆ ಒಂದು ದಿನ ಹೇಳಿಕೊಡಿ ಎಂದರು. ಸಂತೋಷಕ್ಕಿಂತ ಗಾಬರಿ ಹೆಚ್ಚಾಯಿತು. ಮಕ್ಕಳ ಎದುರು ನಿಲ್ಲುವುದು ಬೇರೆ, ನನ್ನಷ್ಟೇ ಸೀಮೆಸುಣ್ಣ ತಿಂದವರ ಎದುರು ನಿಲ್ಲುವುದು ಬೇರೆ.

ಜೋಯಿಡಾದ ಆ ಸಭೆಯಲ್ಲಿ ನಾನು ಮಾತು ಶುರುಮಾಡಿದ ಸ್ವಲ್ಪ ಹೊತ್ತಿಗೇ ಉಳವಿ ಕಡೆಯ ಶಾಲೆಯೊಂದರ ಶಿಕ್ಷಕಿ ಕೈಯೆತ್ತಿದರು. "ಬಾಯಾರ, ನಮ್ಮ ಶಾಲಿಗೆ ಬಂದ ಕಂಪ್ಯೂಟರ್ ಡಬ್ಬಿ ಇನ್ನಾ ಒಡದಿಲ್ರಿ. ಕರೆಂಟ್ ಬಂದ್ರ ಒಡೀತೇವಿ. ಇದೆಲ್ಲಾ ಯಾರಿಗೆ ಹೇಳೂದು?" ಹಿಂದಿನ ಸಾಲಿನಲ್ಲಿ ಕೊಂಕಣಿಯಲ್ಲಿ ಏನೋ ಗುಸುಗುಸು, ನಗು. ನಾನು ತಂದಿದ್ದ ಹಾಳೆಗಳನ್ನು ಮಡಿಸಿ ಇಟ್ಟೆ. ಮುಂದೇನು ಮಾಡಬೇಕೆಂದು ತಿಳಿಯದೆ, "ಮೊಬೈಲ್ ಯಾರ್ಯಾರ ಹತ್ರ ಅದಾವ್ರಿ?" ಎಂದು ಕೇಳಿದೆ.

ಕೆಲವರು ತೆಗೆದು ತೋರಿಸಿದರು. ಕ್ಯಾಮೆರಾ ಇರುವ ಫೋನುಗಳು ಆಗಷ್ಟೇ ಬರುತ್ತಿದ್ದವು. ಒಬ್ಬ ಮೇಷ್ಟರು ಹೆಮ್ಮೆಯಿಂದ ತಮ್ಮದರಲ್ಲಿದ್ದ ಒಂದು ಚಿತ್ರವನ್ನು ಪಕ್ಕದವರಿಗೆ ತೋರಿಸಿದರು, ಅದು ಕೈಯಿಂದ ಕೈಗೆ ಬಂದು ನನಗೆ ತಲುಪಿತು. ತರಗತಿಯಲ್ಲಿ ಬಾಯಿ ತೆರೆದು ನಿದ್ದೆಹೋದ ಒಂದು ಪುಟ್ಟ ಹುಡುಗಿ. ಜೊಲ್ಲು ಸುರಿದು ಪುಸ್ತಕ ಒದ್ದೆಯಾಗಿತ್ತು. ಎಲ್ಲರೂ ನಗುತ್ತಿದ್ದರು. ನನಗೂ ಅರೆಗಳಿಗೆ ನಗು ಬಂತು.

"ಇದನ್ನ ಯಾರ್ಯಾರಿಗೆ ತೋರಿಸೀರಿ ಸರ್?"

"ಎಲ್ಲಾರಿಗೂ! ನಮ್ಮ ಮನ್ಯಾಗ, ಬಸ್ಸಿನ್ಯಾಗ..."

"ಆ ಮಗೀಗೆ ತೋರಿಸೀರೇನು?"

ಮೇಷ್ಟರ ಮುಖ ಕೆಂಪಾಯಿತು. "ಸಣ್ಣ ಮಾತನ್ನ ದೊಡ್ಡದು ಮಾಡಬ್ಯಾಡ್ರಿ ಮೇಡಂ. ನಾ ಆಕಿ ಗುರು. ಆಕಿ ನಡದು ಬರೂ ದಾರಿ ನಿಮಗ ಗೊತ್ತೈತೇನು? ದಣದು ಮಲಗ್ಯಾಳಂತ ನಾ ಎಬ್ಬಿಸಲಿಲ್ಲ, ಅದು ನಿಮಗ ಕಾಣೂದಿಲ್ಲ."

ಅವರು ಹೇಳಿದ್ದರಲ್ಲೂ ನಿಜವಿತ್ತು. ಹಾಗೆಂದು ಹೇಳಿದೆ. ಅವರನ್ನು ಎಲ್ಲರೆದುರು ಕಟಕಟೆಗೆ ನಿಲ್ಲಿಸಿದಂತಾಯಿತಲ್ಲ ಎಂದು ಸಂಕಟವಾಯಿತು. ಆದರೆ ಪ್ರಶ್ನೆಯನ್ನು ಹಿಂದೆ ತೆಗೆದುಕೊಳ್ಳಲಿಲ್ಲ. ಉಳವಿ ಕಡೆಯ ಶಿಕ್ಷಕಿಯೇ ಮೆಲ್ಲಗೆ ಮಾತು ಮುಂದುವರಿಸಿದರು: "ಹಂಗಾರ ಇದು ಮಕ್ಕಳ ಪಾಠ ಅಲ್ರಿ. ಮೊದಲ ನಮ್ಮ ಪಾಠ." ಅಲ್ಲಿಂದ ಮಾತು ತಾನಾಗಿ ಹರಿಯಿತು. ಯಾರ ಫೋಟೋ ಗೋಡೆಗೆ ಹಚ್ಚುತ್ತೇವೆ, ಯಾವ ಮಗುವಿನ ಅಂಕವನ್ನು ಎಲ್ಲರೆದುರು ಕೂಗುತ್ತೇವೆ, ಯಾರ ಮನೆಯ ಸುದ್ದಿಯನ್ನು ಸ್ಟಾಫ್ ರೂಮಿನಲ್ಲಿ ಹಂಚುತ್ತೇವೆ. ನಾನು ಹೆಚ್ಚು ಮಾತಾಡಲಿಲ್ಲ. ಆ ದಿನದ ನನ್ನ ಕೆಲಸ ಪ್ರಶ್ನೆ ಕೇಳಿ ಸುಮ್ಮನಿರುವುದಾಗಿತ್ತು, ಅದು ನನಗೆ ಬಹಳ ಕಷ್ಟದ್ದು. ಎರಡು ಸಲ ಎದ್ದು ಕಿಟಕಿಯ ಬಳಿ ಹೋಗಿ ಬಂದೆ.

ಫೋಟೋ ತೋರಿಸಿದ ಮೇಷ್ಟರು ಸಭೆ ಮುಗಿಯುವವರೆಗೂ ನನ್ನ ಕಡೆ ನೋಡಲಿಲ್ಲ. ಆಮೇಲೂ ನನ್ನೊಡನೆ ಮಾತಾಡಲಿಲ್ಲ.

ಕೆಲವು ವರ್ಷಗಳ ನಂತರ ಪ್ರಭಾರ ಹೋಗಿ ಬಡ್ತಿ ಬಂತು, ಮುಂಡಗೋಡ ತಾಲೂಕಿಗೆ ಮುಖ್ಯೋಪಾಧ್ಯಾಯಿನಿಯಾಗಿ ಹೋದೆ. ಅಷ್ಟರಲ್ಲಿ ಮಕ್ಕಳ ಮನೆಗಳಲ್ಲೂ ಫೋನುಗಳು ಬಂದಿದ್ದವು. ಕೆಫೆಗೆಂದು ಬರೆದ ನನ್ನ ಪಾಠಗಳು ಅರ್ಧ ಹಳತಾಗಿದ್ದವು. ಒಂದು ತಾಣದ ಬಗ್ಗೆ ಬರೆದು ಮುಗಿಸುವುದರೊಳಗೆ ಇನ್ನೊಂದು ಬಂದಿರುತ್ತಿತ್ತು. ಒಮ್ಮೆ ಅದಕ್ಕಾಗಿ ಕೊರಗಿದ್ದೆ, ಆಮೇಲೆ ಅಭ್ಯಾಸವಾಯಿತು. ಪ್ರತಿ ಜೂನ್‌ನಲ್ಲಿ ಹರಿದು ಹೊಸದು ಬರೆಯುವುದು, ಮಕ್ಕಳನ್ನೇ ಕೇಳುವುದು, ಈಗ ಏನು ನಡೆದಿದೆ, ಯಾರು ಯಾರಿಗೆ ಏನು ಕಳಿಸುತ್ತಾರೆ ಎಂದು. ವಸಾಹತಿನ ಶಿಕ್ಷಕರು ಆಗಾಗ ಸಂತೆಯಲ್ಲಿ ಸಿಗುತ್ತಿದ್ದರು. ಅವರೂ ಹರಿದು ಹೊಸದು ಬರೆಯುತ್ತಿದ್ದರು.

ಪಾಳಾದ ಹುಡುಗಿಯನ್ನು ಅಲ್ಲಿಯ ಬಸ್ಸಿನಲ್ಲಿ ಒಮ್ಮೆ ಕಂಡೆ. ಮಡಿಲಲ್ಲಿ ಮಗು. ನನ್ನನ್ನು ನೋಡಿ ಎದ್ದು ಸೀಟು ಬಿಟ್ಟುಕೊಟ್ಟಳು. ನಾನು ಒತ್ತಾಯ ಮಾಡಿ ಅವಳನ್ನೇ ಕೂರಿಸಿದೆ. ಅಂಗನವಾಡಿಯಲ್ಲಿ ಕೆಲಸ ಮಾಡುತ್ತೇನೆ ಎಂದಳು. ಅವಳು ಹಿಂದಿನದನ್ನು ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಮೆಕ್ಯಾನಿಕ್‌ನ ಮಗಳು ಪಿಯುಸಿ ಓದಿದಳು, ಮದುವೆಯಾಗಿ ಹುಬ್ಬಳ್ಳಿಗೆ ಹೋದಳು, ಈಗ ಅಲ್ಲಿ ಲಗ್ನಪತ್ರಿಕೆ ಅಚ್ಚು ಹಾಕಿಕೊಡುವ ಅಂಗಡಿ ನಡೆಸುತ್ತಾಳೆ. ಇದನ್ನು ಬರೆಯುವ ಮೊದಲು ಫೋನ್ ಮಾಡಿ ಕೇಳಿದೆ. ಈ ಸಲವೂ ಬೇಡ ಎಂದರೆ ಬರೆಯುವುದಿಲ್ಲ ಎಂದು ಮೊದಲೇ ಹೇಳಿದೆ. ಹಿಂದೆ ಯಂತ್ರದ ಸದ್ದು, ಯಾರೋ ಗಿರಾಕಿಯ ಮಾತು.

"ಬರೀರಿ ಟೀಚರ್. ಆದ್ರ ಅಯ್ಯೋ ಪಾಪ ಅನ್ನೂಹಂಗ ಬರೀಬ್ಯಾಡ್ರಿ. ನನಗ ಆವಾಗ ಅಳೂಕಿಂತಾ ಸಿಟ್ಟ ಭಾಳ ಇತ್ತು."

"ಈಗ?"

"ಈಗೂ ಐತ್ರಿ ಸ್ವಲ್ಪ. ಆಕಿ ಮ್ಯಾಲ ಅಲ್ಲ. ಕ್ಲಾಸಿಗೆ ಕಳಸಲಿಲ್ಲಲ್ಲ, ಅದರ ಮ್ಯಾಲ. ತಡೀರಿ, ಗಿರಾಕಿ ಬಂದಾರ."

ಫೋನನ್ನು ಇಡಲಿಲ್ಲ ಅವಳು, ಪಕ್ಕಕ್ಕಿಟ್ಟಳು. ಗಿರಾಕಿಗೆ ಅವಳು ಹೇಳುತ್ತಿದ್ದುದು ನನಗೆ ಕೇಳಿಸುತ್ತಿತ್ತು: ಹುಡುಗಿಯ ಫೋಟೋ ಹಾಕುವುದಾದರೆ ಹುಡುಗಿಯೇ ಬಂದು ಆರಿಸಬೇಕು, ನೀವಲ್ಲ. ಗಿರಾಕಿ ವಾದಕ್ಕಿಳಿದರು. ಅವಳೂ ಬಿಡಲಿಲ್ಲ. ನಾನು ಮನೆಯಲ್ಲಿ ಅತ್ತಿಂದಿತ್ತ ನಡೆಯುತ್ತ, ಫೋನನ್ನು ಕಿವಿಗೆ ಒತ್ತಿಕೊಂಡು, ಆ ಜಗಳ ಮುಗಿಯುವವರೆಗೂ ಕೇಳಿದೆ.